ಅಬ್ಬಾ ಹಿಡಿದ ಪ್ರಿಸಂ

ಮೊದಲ ಪಿಯುಸಿಗೆ ಸೇರುವಾಗ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂದಿದ್ದ ಜಾಗದಲ್ಲಿ ನಾನು ‘ಪ್ರಿಸಂ ಹಿಡಿಯುವುದು’ ಎಂದು ಬರೆದಿದ್ದೆ. ಅರ್ಜಿ ತೆಗೆದುಕೊಂಡವರು ಎರಡು ಸಲ ಓದಿ, “ಏನಪ್ಪಾ ಇದು?” ಎಂದರು. ವಿವರಿಸಲು ಹೋದೆ. ನನ್ನ ಹಿಂದೆ ಉದ್ದ ಸಾಲು ಇತ್ತು. ಅವರು ಅದನ್ನು ಹೊಡೆದುಹಾಕಿ ‘ಕೂಲಿ’ ಎಂದು ಬರೆದುಕೊಂಡರು. ತಪ್ಪೇನೂ ಅಲ್ಲ, ದಿನಗೂಲಿಯೇ. ಆದರೂ ಅಂದು ಹೇಳದೆ ಬಿಟ್ಟ ವಿವರಣೆ ನನ್ನಲ್ಲೇ ಉಳಿದುಹೋಯಿತು. ಈಗ ಹಿಂದೆ ಸಾಲು ಇಲ್ಲ, ಸಂಚಿಕೆಯಲ್ಲಿ ಜಾಗ ಇದೆ ಎಂದು ಕನ್ನಡ ಮೇಡಂ ಹೇಳಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಅಬ್ಬಾ 19 ವರ್ಷದಿಂದ ಸರ್ವೆ ಹೆಲ್ಪರ್. ರಸ್ತೆ, ಕಾಲುವೆ, ಲೇಔಟ್, ಪೈಪ್‌ಲೈನ್ ಯಾವುದೇ ಕೆಲಸ ಶುರುವಾಗುವ ಮೊದಲು ಆ ಜಾಗದ ಉಬ್ಬು ತಗ್ಗು ಅಳೆಯಬೇಕು. ಅಳೆಯುವವರು ಸರ್ವೇಯರ್. ಅವರು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಟೋಟಲ್ ಸ್ಟೇಷನ್ ಎಂಬ ಯಂತ್ರ ಕೂರಿಸಿ, ಛತ್ರಿ ಕೆಳಗೆ ನಿಂತು ಕಣ್ಣಿಡುತ್ತಾರೆ. ಅಬ್ಬಾ ಒಂದು ಕೋಲು ಹಿಡಿದು ನೂರು, ಇನ್ನೂರು, ಕೆಲವೊಮ್ಮೆ ಐನೂರು ಮೀಟರ್ ದೂರ ಹೋಗಿ, ಮುಳ್ಳು, ಕೆಸರು, ಚರಂಡಿ ಯಾವುದನ್ನೂ ಲೆಕ್ಕಿಸದೆ, ಹೇಳಿದ ಜಾಗದಲ್ಲಿ ಕೋಲು ನೆಟ್ಟಗೆ ಹಿಡಿದು ನಿಲ್ಲಬೇಕು. ಕೋಲಿನ ತುದಿಯಲ್ಲಿ ಕಿತ್ತಳೆ ಬಣ್ಣದ ಚೌಕಟ್ಟು, ಅದರೊಳಗೆ ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಗಾಜು. ಅದೇ ಪ್ರಿಸಂ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನೂ ನಲವತ್ತು ದಿನ ಜೊತೆಗೆ ಹೋಗಿದ್ದೆ. ಗೂಟ ಹೊಡೆಯುವುದು, ಕೆಂಪು ಬಣ್ಣದಲ್ಲಿ ಗುರುತು ಹಾಕುವುದು, ನೀರು ಹೊರುವುದು ನನ್ನ ಕೆಲಸ. ಮೊದಲ ದಿನವೇ ಆ ಗಾಜಿನಲ್ಲಿ ಒಂದು ವಿಚಿತ್ರ ಕಂಡೆ. ಎಡಗಡೆಯಿಂದ ನೋಡಿದರೂ ಬಲಗಡೆಯಿಂದ ನೋಡಿದರೂ ಅದರ ನಟ್ಟನಡುವೆ ನನ್ನ ಕಣ್ಣೇ ಕಾಣುತ್ತಿತ್ತು. ಮನೆಯ ಕನ್ನಡಿ ಹಾಗಲ್ಲ, ಪಕ್ಕಕ್ಕೆ ಸರಿದರೆ ನಮ್ಮನ್ನು ಬಿಟ್ಟು ಬೇರೆ ಏನನ್ನೋ ತೋರಿಸುತ್ತದೆ. ಈ ಗಾಜಿನೊಳಗೆ ಮೂರು ಮುಖಗಳು ಕೋಣೆಯ ಮೂಲೆಯ ಹಾಗೆ ಒಂದಕ್ಕೊಂದು ನೇರ ಕೋನದಲ್ಲಿ ಕೂಡಿರುತ್ತವೆ. ಒಳಗೆ ಬಂದ ಬೆಳಕು ಮೂರಕ್ಕೂ ತಾಗಿ, ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ವಾಪಸ್ಸು ಹೋಗುತ್ತದೆ. ಟೋಟಲ್ ಸ್ಟೇಷನ್ ಕಳಿಸಿದ ಬೆಳಕು ಪ್ರಿಸಂಗೆ ತಾಗಿ ನೇರವಾಗಿ ಅದರ ಕಣ್ಣಿಗೇ ಮರಳುತ್ತದೆ. ಆ ಬೆಳಕಿನ ಹೋಗಿಬರುವ ಲೆಕ್ಕದಿಂದ ಯಂತ್ರ ದೂರ ಹೇಳುತ್ತದೆ, ಮಿಲಿಮೀಟರ್ ಸಮೇತ.

“ಬೇಟಾ, ಮಿಷನ್ನು ಕೇಳುತ್ತೆ, ನಾನು ‘ಇಲ್ಲಿದ್ದೀನಿ’ ಅಂತೀನಿ. ಅಷ್ಟೇ ಕೆಲಸ” ಎನ್ನುತ್ತಿದ್ದರು ಅಬ್ಬಾ. ಅಷ್ಟೇ ಅಲ್ಲ ಎನ್ನುವುದು ಎರಡನೇ ದಿನ ನನಗೆ ತಿಳಿಯಿತು. ಕೋಲಿಗೆ ಒಂದು ಸಣ್ಣ ಗುಳ್ಳೆ ಇರುವ ಬಟ್ಟಲು ಅಂಟಿಸಿರುತ್ತಾರೆ. ಗುಳ್ಳೆ ನಡುವಿನ ವೃತ್ತದೊಳಗೆ ನಿಂತರೆ ಮಾತ್ರ ಕೋಲು ನೆಟ್ಟಗಿದೆ ಎಂದರ್ಥ. ನಾನು ಹಿಡಿದರೆ ಗುಳ್ಳೆ ಓಡಾಡುತ್ತಿತ್ತು. ಅಬ್ಬಾ ಹಿಡಿದರೆ ಗಾಳಿಯಲ್ಲೂ ಕೂತಲ್ಲೇ ಕೂರುತ್ತಿತ್ತು.

ಕಳೆದ ವರ್ಷ ನವೆಂಬರಿನ ಒಂದು ಸಂಜೆ ಅಬ್ಬಾ ಬೇಗ ಮನೆಗೆ ಬಂದರು. ಚಪ್ಪಲಿ ಬಿಡುತ್ತಲೇ, “ಲೀಡರ್ ಬಂದಿದೆಯಂತೆ. ನಾಲೆ ಕೆಲಸ ನಮಗಿಲ್ಲ” ಎಂದರು. ಅಮ್ಮಿ, “ಯಾವ ಪಾರ್ಟಿಯವನು?” ಎಂದು ಕೇಳಿದರು. ನಾವೆಲ್ಲ ನಕ್ಕೆವು. ಅಬ್ಬಾ ನಗಲಿಲ್ಲ. ಆ ರಾತ್ರಿ ಅವರ ಸರ್ವೇಯರ್‌ಗೆ ನಾನೇ ಫೋನ್ ಮಾಡಿ ಕೇಳಿದಾಗ ಗೊತ್ತಾಯಿತು. ಅದು ಲೀಡರ್ ಅಲ್ಲ, ಲೈಡಾರ್. ಚನ್ನಗಿರಿ ಕಡೆ ಹದಿನೆಂಟು ಕಿಲೋಮೀಟರ್ ನಾಲೆ ಮತ್ತು ಅದರ ಪಕ್ಕದ ದಾರಿಯ ಸರ್ವೆ ಇವರ ತಂಡಕ್ಕೆ ಸಿಗಬೇಕಿತ್ತು. ಒಬ್ಬ ಸರ್ವೇಯರ್, ಮೂವರು ಹೆಲ್ಪರ್, ಎರಡು ತಿಂಗಳ ಕೆಲಸ. ಅದು ಡ್ರೋನ್ ಹಾರಿಸುವ ಒಂದು ಕಂಪನಿಗೆ ಹೋಗಿತ್ತು. ಅವರು ನಾಲ್ಕು ದಿನದಲ್ಲಿ ಹಾರಾಟ ಮುಗಿಸಿದ್ದರು.

ದಿನಕ್ಕೆ 700 ರೂಪಾಯಿ, ಎರಡು ತಿಂಗಳು. ಲೆಕ್ಕ ನೀವೇ ಮಾಡಿಕೊಳ್ಳಿ, ನಾನು ಎಷ್ಟೋ ಸಲ ಮಾಡಿದ್ದೇನೆ. ಡಿಸೆಂಬರಿನಲ್ಲಿ ಅಬ್ಬಾ ಮಂಡಿಯಲ್ಲಿ ಮೂಟೆ ಇಳಿಸಲು ಹೋದರು. ನಲವತ್ತಾರು ವರ್ಷದ ಬೆನ್ನು, ಹನ್ನೊಂದು ದಿನಕ್ಕೆ ಸಾಕಾಯಿತು. ಅಮ್ಮಿಯ ಹೊಲಿಗೆ ಮಿಷನ್ ರಾತ್ರಿ ಹನ್ನೊಂದರವರೆಗೂ ಸೀರೆಗೆ ಫಾಲ್ ಹಚ್ಚುತ್ತಿತ್ತು. ನಾನು ಅಕೌಂಟೆನ್ಸಿ ಟ್ಯೂಷನ್ ಬಿಟ್ಟೆ. ‘ಕಾಲೇಜಿನಲ್ಲಿ ಹೇಳಿಕೊಡುವುದೇ ಸಾಕು’ ಎಂದು ಮನೆಯಲ್ಲಿ ಹೇಳಿದೆ. ಸುಳ್ಳಲ್ಲ, ನಮ್ಮ ಸರ್ ಚೆನ್ನಾಗಿಯೇ ಹೇಳಿಕೊಡುತ್ತಾರೆ.

ಆ ಲೈಡಾರ್ ಮೇಲೆ ನನಗೆ ಸಿಟ್ಟು ಬಂದಿತ್ತು. ಸಿಟ್ಟು ಬಂದವನ ಬಗ್ಗೆ ವಿಚಾರಿಸುವ ಹಾಗೆ ಅದರ ಬಗ್ಗೆ ವಿಚಾರಿಸಲು ಹೊರಟೆ. ಲೈಬ್ರರಿಯಲ್ಲಿ ಒಂದಿಷ್ಟು ಸಿಕ್ಕಿತು, ಅರ್ಥವಾಗಲಿಲ್ಲ. ಕೊನೆಗೆ ಧೈರ್ಯ ಮಾಡಿ ಫಿಸಿಕ್ಸ್ ಸರ್ ಹತ್ತಿರ ಹೋದೆ. “ನೀನು ಕಾಮರ್ಸ್ ಅಲ್ವೇನೋ?” ಎಂದರು. ಹೌದು ಸರ್ ಎಂದೆ. “ಮತ್ತೆ ನಿಂತಿದ್ದೀಯಲ್ಲ, ಕೂತ್ಕೋ” ಎಂದು ಸ್ಟೂಲ್ ಎಳೆದರು. ಅವರು ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಸ್ಕೇಲ್ ಎತ್ತಿ ಹಿಡಿದು ಹೇಳಿದ್ದು ನನಗೆ ಯಾವತ್ತೂ ಮರೆಯುವುದಿಲ್ಲ.

ಬೆಳಕು ಒಂದು ಸೆಕೆಂಡಿಗೆ 29,97,92,458 ಮೀಟರ್ ಓಡುತ್ತದೆ. ಇಷ್ಟು ದೊಡ್ಡ ಸಂಖ್ಯೆ ತಲೆಯಲ್ಲಿ ನಿಲ್ಲುವುದಿಲ್ಲ. ಅದರ ಬದಲು ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ. ಒಂದು ಚೂರಿಗೆ ನ್ಯಾನೋಸೆಕೆಂಡ್ ಎಂದು ಹೆಸರು. ಆ ಒಂದು ಚೂರಿನ ಅವಧಿಯಲ್ಲಿ ಬೆಳಕು ಓಡುವುದು ಹೆಚ್ಚುಕಡಿಮೆ 30 ಸೆಂಟಿಮೀಟರ್, ಅಂದರೆ ಸರಿಯಾಗಿ ಒಂದು ಸ್ಕೇಲ್. ಲೈಡಾರ್ ಮಾಡುವುದು ಇಷ್ಟೇ. ಲೇಸರಿನ ಒಂದು ಪುಟ್ಟ ಮಿಡಿತ ಬಿಡುತ್ತದೆ, ಗಡಿಯಾರ ಶುರು ಮಾಡುತ್ತದೆ. ಆ ಬೆಳಕು ಎಲೆಗೋ ಕಲ್ಲಿಗೋ ತಾಗಿ ಚದುರಿ, ಅದರಲ್ಲಿ ಒಂದು ಚೂರು ಹಿಂದಿರುಗಿದ ತಕ್ಷಣ ಗಡಿಯಾರ ನಿಲ್ಲಿಸುತ್ತದೆ. ಎಷ್ಟು ಸ್ಕೇಲ್ ಆಯಿತೆಂದು ಎಣಿಸಿ ಎರಡರಿಂದ ಭಾಗಿಸಿದರೆ ದೂರ ಬಂತು. ಎರಡರಿಂದ ಏಕೆಂದರೆ ಹೋಗಿ ಬಂದಿದೆಯಲ್ಲ. ನೂರು ಮೀಟರ್ ಎತ್ತರದ ಡ್ರೋನಿನಿಂದ ನೆಲಕ್ಕೆ ಹೋಗಿ ಬರಲು ಸುಮಾರು 667 ನ್ಯಾನೋಸೆಕೆಂಡ್. ಗಡಿಯಾರ ಒಂದೇ ಒಂದು ನ್ಯಾನೋಸೆಕೆಂಡ್ ತಪ್ಪಿದರೆ ಲೆಕ್ಕ 15 ಸೆಂಟಿಮೀಟರ್ ತಪ್ಪುತ್ತದೆ. ದೊಡ್ಡ ನಾಲೆಗಳಲ್ಲಿ ಒಂದು ಕಿಲೋಮೀಟರಿಗೆ ಹತ್ತಿಪ್ಪತ್ತು ಸೆಂಟಿಮೀಟರ್ ಮಾತ್ರ ಇಳಿಜಾರು ಕೊಟ್ಟಿರುವುದೂ ಉಂಟು. ಅಲ್ಲಿ 15 ತಪ್ಪಿದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ.

ಹಾಗೆ ಒಂದು ಸೆಕೆಂಡಿಗೆ ಒಂದು ಮಿಡಿತವಲ್ಲ, ಲಕ್ಷಗಟ್ಟಲೆ. ಒಳಗೊಂದು ಕನ್ನಡಿ ತಿರುಗುತ್ತ ಬೆಳಕನ್ನು ಆ ಕಡೆ ಈ ಕಡೆ ಬೀಸುತ್ತದೆ. ಉಪಗ್ರಹಗಳ ಸಂಕೇತ ಹಿಡಿಯುವ ಇನ್ನೊಂದು ಉಪಕರಣ ‘ಈ ಕ್ಷಣ ಡ್ರೋನ್ ಎಲ್ಲಿದೆ’ ಎಂದು ಬರೆದಿಡುತ್ತದೆ. ಮತ್ತೊಂದು, ಡ್ರೋನ್ ಎಷ್ಟು ವಾಲಿದೆ ಎಂದು ಬರೆದಿಡುತ್ತದೆ. ಈ ವಾಲುವ ಲೆಕ್ಕ ಸಣ್ಣದಲ್ಲ. ನೂರು ಮೀಟರ್ ಎತ್ತರದಲ್ಲಿ ಒಂದು ಡಿಗ್ರಿ ತಪ್ಪಾಗಿ ಬರೆದುಕೊಂಡರೆ ನೆಲದ ಮೇಲಿನ ಚುಕ್ಕೆ ಒಂದು ಮುಕ್ಕಾಲು ಮೀಟರ್ ಪಕ್ಕಕ್ಕೆ ಹೋಗಿ ಕೂರುತ್ತದೆ. ಅಬ್ಬಾ ಗುಳ್ಳೆ ನೋಡಿಕೊಂಡು ಕೋಲು ಹಿಡಿಯುವುದು, ಡ್ರೋನ್ ತನ್ನ ವಾಲಾಟ ಬರೆದುಕೊಳ್ಳುವುದು, ಎರಡೂ ಒಂದೇ ಚಿಂತೆ. ಕೊನೆಗೆ ಕೋಟ್ಯಂತರ ಚುಕ್ಕೆಗಳು ಸೇರಿ ಊರಿನ ಆಕಾರ ಕಂಪ್ಯೂಟರಿನಲ್ಲಿ ಎದ್ದು ನಿಲ್ಲುತ್ತದೆ.

ನನಗೆ ಕುತೂಹಲ ಇದ್ದದ್ದು ಒಂದೇ. ಚನ್ನಗಿರಿ ಕಡೆ ಎಲ್ಲಾ ಅಡಿಕೆ ತೋಟ. ಮೇಲಿಂದ ನೋಡಿದರೆ ಹಸಿರು ಚಪ್ಪರ. ನೆಲ ಹೇಗೆ ಕಾಣುತ್ತದೆ? ಸರ್ ಹೇಳಿದರು: ಲೇಸರ್ ಮಿಡಿತ ಸೂಜಿಯಂಥ ಗೆರೆಯಲ್ಲ, ಕೆಳಗೆ ಬರುವಷ್ಟರಲ್ಲಿ ಅದು ಸ್ವಲ್ಪ ಅಗಲವಾಗಿರುತ್ತದೆ. ಅದರ ಒಂದು ಭಾಗ ಅಡಿಕೆ ಸೋಗೆಗೆ ತಾಗಿ ವಾಪಸ್ಸಾಗುತ್ತದೆ. ಉಳಿದದ್ದು ಸಂದಿನಲ್ಲಿ ನುಸುಳಿ ಕೆಳಗಿನ ಬಾಳೆ ಎಲೆಗೆ ತಾಗುತ್ತದೆ. ಇನ್ನೂ ಉಳಿದರೆ ನೆಲಕ್ಕೆ. ಒಂದೇ ಮಿಡಿತಕ್ಕೆ ಮೂರು ನಾಲ್ಕು ಉತ್ತರ, ಒಂದರ ಹಿಂದೆ ಒಂದು. ಕೊನೆಯ ಉತ್ತರಗಳನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಳಿಸಿದರೆ ತೋಟವೇ ಮಾಯ, ಬರೀ ನೆಲ. ಮರ ಕಡಿಯದೆ ಮರದ ಕೆಳಗಿನದನ್ನು ನೋಡುವ ಉಪಾಯ ಇದು.

ಎದ್ದು ಬರುವಾಗ ಸರ್ ಲೈಬ್ರರಿ ಗೋಡೆಯ ಚಾರ್ಟ್ ನೆನಪಿಸಿದರು. ಅದರಲ್ಲಿ ಇಬ್ನ್ ಅಲ್-ಹೈಸಮ್ ಹೆಸರು ನಾವೆಲ್ಲ ನೋಡಿದ್ದೇವೆ, ಯಾರೂ ಓದಿಲ್ಲ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಸಾವಿರ ವರ್ಷದ ಹಿಂದೆ ‘ಕಿತಾಬ್ ಅಲ್-ಮನಾಝಿರ್’ ಬರೆದವರು. ಅವರಿಗಿಂತ ಮುಂಚೆ ಯೂಕ್ಲಿಡ್, ಟಾಲೆಮಿಯಂಥ ದೊಡ್ಡವರು ಕಣ್ಣಿನಿಂದಲೇ ಕಿರಣ ಹೊರಟು ವಸ್ತುವನ್ನು ಮುಟ್ಟುತ್ತದೆ, ಆಗ ಕಾಣುತ್ತದೆ ಎಂದು ನಂಬಿದ್ದರು. ಇಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂದು ಇವರು ಪ್ರಯೋಗ ಮಾಡಿ ವಾದಿಸಿದರು. ಬೆಳಕಿಗೂ ಒಂದು ವೇಗ ಇದೆ ಎಂದೂ ಹೇಳಿದರು. ತಮಾಷೆ ಎಂದರೆ, ಕಣ್ಣು ಹಾಗೆ ಕೆಲಸ ಮಾಡುವುದಿಲ್ಲ ಎಂದು ಅವರು ಸಾಬೀತು ಮಾಡಿದ ಆ ಹಳೆಯ ರೀತಿಯಲ್ಲೇ ಲೈಡಾರ್ ಕೆಲಸ ಮಾಡುತ್ತದೆ. ತಾನೇ ಕಿರಣ ಬಿಟ್ಟು, ಮುಟ್ಟಿ, ನೋಡುತ್ತದೆ. ಅದಕ್ಕೇ ಅದಕ್ಕೆ ಹಗಲೂ ಬೇಡ, ಸೂರ್ಯನೂ ಬೇಡ.

ಆಮೇಲೆ ಎಲ್ಲಿ ನೋಡಿದರೂ ಲೈಡಾರ್ ಕಾಣಲು ಶುರುವಾಯಿತು. ನಮ್ಮ ತರಗತಿಯ ಬೈಕ್ ವೀರರಿಗೆ ಒಂದು ಮಾತು: ಹೆದ್ದಾರಿಯಲ್ಲಿ ಪೊಲೀಸರು ಹಿಡಿಯುವ ಲೇಸರ್ ಗನ್ ಕೂಡ ಇದೇ ಜಾತಿ. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಸಲ ನಿಮ್ಮ ದೂರ ಅಳೆದು, ದೂರ ಎಷ್ಟು ಬೇಗ ಕಮ್ಮಿಯಾಗುತ್ತಿದೆ ಎಂದು ನೋಡುತ್ತದೆ. ವಿಮಾನ ನಿಲ್ದಾಣಗಳಲ್ಲಿ ಲೇಸರನ್ನು ನೇರ ಮೇಲಕ್ಕೆ ಬಿಟ್ಟು ಮೋಡ ಎಷ್ಟು ಎತ್ತರದಲ್ಲಿದೆ ಎಂದು ಅಳೆಯುತ್ತಾರೆ. 2018ರಲ್ಲಿ ಹಾರಿಸಿದ ಐಸ್‌ಸ್ಯಾಟ್-2 ಎಂಬ ನಾಸಾ ಉಪಗ್ರಹ ಸೆಕೆಂಡಿಗೆ ಹತ್ತು ಸಾವಿರ ಮಿಡಿತ ಬಿಟ್ಟು ಧ್ರುವಗಳ ಹಿಮದ ಎತ್ತರ ಅಳೆಯುತ್ತಿದೆ. ಮುಂಬೈ–ಅಹಮದಾಬಾದ್ ಬುಲೆಟ್ ರೈಲಿನ 508 ಕಿಲೋಮೀಟರ್ ದಾರಿಯನ್ನು ವಿಮಾನದ ಲೈಡಾರಿನಿಂದ ಅಳೆದರು. ಹಳೆಯ ಪದ್ಧತಿಯಲ್ಲಿ ಹತ್ತು ಹನ್ನೆರಡು ತಿಂಗಳು ಹಿಡಿಯುವ ಕೆಲಸ ಹನ್ನೆರಡು ವಾರದಲ್ಲಿ ಮುಗಿಯಿತಂತೆ. ಇದನ್ನು ಓದಿದಾಗ ಮಾತ್ರ ನನಗೆ ಖುಷಿಯಾಗಲಿಲ್ಲ. ಉಳಿದ ಆ ತಿಂಗಳುಗಳಲ್ಲಿ ಎಷ್ಟು ಪ್ರಿಸಂ ಹಿಡಿಯುವವರು ಇರುತ್ತಿದ್ದರು ಎಂದು ಲೆಕ್ಕ ಹಾಕುತ್ತಾ ಕೂತೆ.

ಇನ್ನೊಂದು ಸಂಗತಿ ಮಾತ್ರ ಬಹಳ ಹಿಡಿಸಿತು. ಮೆಕ್ಸಿಕೋದ ಕ್ಯಾಂಪೆಚೆ ಎಂಬ ರಾಜ್ಯದ ಕಾಡಿನ ಮೇಲೆ 2013ರಲ್ಲಿ ಲೈಡಾರ್ ಹಾರಿಸಿದ್ದರು. ಕಾಡಿನಲ್ಲಿ ಎಷ್ಟು ಇಂಗಾಲ ಇದೆ ಎಂದು ತಿಳಿಯಲು. ಅವರಿಗೆ ಬೇಕಿದ್ದದ್ದು ಮರಗಳ ಲೆಕ್ಕ. ಆ ಫೈಲ್ ಹಾಗೇ ಅಂತರ್ಜಾಲದಲ್ಲಿ ಬಿದ್ದಿತ್ತು. ವರ್ಷಗಳ ನಂತರ ಲೂಕ್ ಆಲ್ಡ್-ಥಾಮಸ್ ಎಂಬ ಅಮೆರಿಕದ ಸಂಶೋಧನಾ ವಿದ್ಯಾರ್ಥಿ ಗೂಗಲ್ ಹುಡುಕಾಟದ ಹದಿನಾರನೇ ಪುಟದ ಆಸುಪಾಸಿನಲ್ಲಿ ಅದನ್ನು ಕಂಡರು. ಮರಗಳನ್ನು ಅಳಿಸಿ ನೆಲದ ಚುಕ್ಕೆಗಳನ್ನು ಮಾತ್ರ ಉಳಿಸಿಕೊಂಡಾಗ ಪಿರಮಿಡ್ಡು, ಚೌಕ, ಚೆಂಡಾಟದ ಅಂಗಳ ಇರುವ ಮಾಯಾ ನಗರ ಎದ್ದು ಬಂತು. ಒಟ್ಟು 6,764 ಕಟ್ಟಡಗಳು. 2024ರಲ್ಲಿ ಪ್ರಕಟಿಸಿ ಆ ನಗರಕ್ಕೆ ವಲೆರಿಯಾನಾ ಎಂದು ಹೆಸರಿಟ್ಟರು. ಹನ್ನೊಂದು ವರ್ಷ ಎಲ್ಲರ ಕಣ್ಣ ಮುಂದೆ ಇದ್ದ ಫೈಲ್. ಗೂಗಲಿನಲ್ಲಿ ಎರಡನೇ ಪುಟಕ್ಕೂ ಹೋಗದ ನಾವು ಇದನ್ನು ಸ್ವಲ್ಪ ಯೋಚಿಸಬೇಕು.

ಆದರೆ ಅಬ್ಬಾಗೆ ನಾನು ಹೇಳಿದ್ದು ಚಂದ್ರನ ಕಥೆ. 1969ರಲ್ಲಿ ಚಂದ್ರನ ಮೇಲೆ ಇಳಿದ ಅಪೋಲೋ 11ರವರು ಅಲ್ಲಿ ನೂರು ಪ್ರಿಸಂ ಜೋಡಿಸಿದ ಒಂದು ಹಲಗೆ ಇಟ್ಟು ಬಂದರು. ಭೂಮಿಯಿಂದ ಲೇಸರ್ ಬಿಟ್ಟರೆ ಹೋಗಿ ಬರಲು ಸುಮಾರು ಎರಡೂವರೆ ಸೆಕೆಂಡ್. ಹಾಗೆ ಅಳೆದೇ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಸರಿಯುತ್ತಿದ್ದಾನೆ ಎಂದು ತಿಳಿದದ್ದು. 2023ರ ಆಗಸ್ಟ್ 23ರಂದು ಇಳಿದ ನಮ್ಮ ಚಂದ್ರಯಾನ-3ರ ವಿಕ್ರಮ್ ಮೇಲೂ ಅಂಥ ಒಂದು ಸಾಮಾನು ಇದೆ. ನಾಸಾದವರು ಮಾಡಿಕೊಟ್ಟದ್ದು, ಬರೀ 5 ಸೆಂಟಿಮೀಟರ್ ಅಗಲದ ಗುಮ್ಮಟ, ಅದರಲ್ಲಿ ಎಂಟು ಪ್ರಿಸಂ. ವಿಕ್ರಮ್ ಎರಡೇ ವಾರಕ್ಕೆ ಮಲಗಿತು, ಮತ್ತೆ ಏಳಲಿಲ್ಲ. ಅದೇ ವರ್ಷ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುತ್ತಿದ್ದ ನಾಸಾ ನೌಕೆಯೊಂದು ನೂರು ಕಿಲೋಮೀಟರ್ ದೂರದಿಂದ ಲೇಸರ್ ಬಿಟ್ಟಾಗ ಆ ಪುಟ್ಟ ಗುಮ್ಮಟ ಬೆಳಕನ್ನು ವಾಪಸ್ಸು ಕಳಿಸಿತು. ಬ್ಯಾಟರಿ ಬೇಡ, ಕರೆಂಟ್ ಬೇಡ.

ಅಬ್ಬಾ ಪೂರ್ತಿ ಕೇಳಿದರು. “ಅದೇ ಪ್ರಿಸಂಮ್ಮಾ?” ಎಂದರು. ಅದೇ ಥರದ್ದು ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲಿ ಯಾರೂ ಹಿಡ್ಕೊಂಡು ನಿಲ್ಲಬೇಕಾಗಿಲ್ಲ ಅನ್ನು” ಎಂದರು. ಸಮಾಧಾನ ಹೇಳಲು ಹೋಗಿ ಗಾಯಕ್ಕೆ ಕೈ ಹಾಕಿದ ಹಾಗಾಯಿತು. ಏಕೆಂದರೆ ಲೈಡಾರಿನ ಹೊಸತನವೇ ಅದು. ಟೋಟಲ್ ಸ್ಟೇಷನ್ ಕೂಡ ಬೆಳಕಿನಿಂದಲೇ ಅಳೆಯುತ್ತದೆ, ಆದರೆ ಅಬ್ಬಾ ಎಲ್ಲಿ ನಿಲ್ಲುತ್ತಾರೋ ಆ ಜಾಗವನ್ನು ಮಾತ್ರ. ದಿನಕ್ಕೆ ಐನೂರು ಪಾಯಿಂಟ್ ಆದರೆ ದೊಡ್ಡದು. ಲೈಡಾರಿಗೆ ಎಲೆ, ಕಲ್ಲು, ಎಮ್ಮೆ, ಕರೆಂಟ್ ತಂತಿ ಎಲ್ಲವೂ ಪ್ರಿಸಂ. ಯಾರೂ ನಿಲ್ಲಬೇಕಾಗಿಲ್ಲ.

ಜನವರಿ ಕೊನೆಯಲ್ಲಿ ಸರ್ವೇಯರ್ ಫೋನ್ ಮಾಡಿದರು. ಆ ನಾಲೆಯ ಡ್ರೋನ್ ಸರ್ವೆ ಸರಿಯಾಗಿದೆಯೇ ಎಂದು ನೆಲದ ಮೇಲೆ ನಿಂತು ಪರೀಕ್ಷಿಸಬೇಕಂತೆ, ಮೂರು ದಿನದ ಕೆಲಸ. ಅಲ್ಲಲ್ಲಿ ಒಟ್ಟು 60 ಪಾಯಿಂಟ್ ಪ್ರಿಸಂ ಹಿಡಿದು ಅಳೆದು, ಲೈಡಾರ್ ಕೊಟ್ಟ ಎತ್ತರದ ಜೊತೆ ಹೋಲಿಸಬೇಕು. ಕೊನೆಯ ದಿನ ಭಾನುವಾರ, ನಾನೂ ಹೋದೆ. ಡ್ರೋನ್ ಕಂಪನಿಯ ಇಂಜಿನಿಯರ್ ನನಗಿಂತ ಆರೇಳು ವರ್ಷ ದೊಡ್ಡವರಿರಬೇಕು. ಸಿಟ್ಟು ಮಾಡಿಕೊಳ್ಳಲು ಹೋದರೆ ಮನುಷ್ಯ ತುಂಬಾ ಒಳ್ಳೆಯವರು, ಬಿಸ್ಕತ್ ಕೊಟ್ಟರು. ಲ್ಯಾಪ್‌ಟಾಪಿನಲ್ಲಿ ಊರನ್ನೇ ತಿರುಗಿಸಿ ತೋರಿಸಿದರು. ಅಡಿಕೆ ಮರ ಒಂದೊಂದೂ ಚುಕ್ಕೆಗಳ ಕಂಬ. ನೀರು ನಿಂತ ಗದ್ದೆಗಳ ಜಾಗದಲ್ಲಿ ಕಪ್ಪು ತೂತು. ಅವರ ಲೇಸರ್ ನಿಂತ ನೀರಿನಿಂದ ವಾಪಸ್ಸು ಬರುವುದು ಕಡಿಮೆ, ಹಾಗಾಗಿ ಅಲ್ಲಿ ಏನೂ ಇಲ್ಲ.

ಆಮೇಲೆ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರು. ಎಡಗಡೆ ಲೈಡಾರ್, ಬಲಗಡೆ ಅಬ್ಬಾನ ಪ್ರಿಸಂ. ನನಗೆ ನಗು ಬಂತು. ಇದು ನಾವು ಮೊದಲ ಪಿಯುಸಿಯಲ್ಲಿ ಮಾಡಿದ ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟೇ. ಒಂದು ಕಡೆ ಕ್ಯಾಶ್ ಬುಕ್, ಇನ್ನೊಂದು ಕಡೆ ಪಾಸ್ ಬುಕ್. ಎರಡೂ ಒಂದೇ ಹಣದ ಲೆಕ್ಕ, ಆದರೂ ಬಾಕಿ ಹೊಂದುವುದಿಲ್ಲ. ಯಾರು ಸುಳ್ಳು ಎಂದು ಜಗಳ ಮಾಡುವುದಲ್ಲ, ವ್ಯತ್ಯಾಸ ಯಾಕೆ ಬಂತು ಎಂದು ಹುಡುಕುವುದು.

ನ್ಯಾಯವಾಗಿ ಹೇಳಬೇಕು. 60ರಲ್ಲಿ 52 ಪಾಯಿಂಟ್ ಐದು ಸೆಂಟಿಮೀಟರಿನೊಳಗೆ ಹೊಂದಿತ್ತು. ನನ್ನ ಮನಸ್ಸಿನ ಯಾವುದೋ ಮೂಲೆಯಲ್ಲಿ ಲೈಡಾರ್ ಪೂರ್ತಿ ಫೇಲಾಗಲಿ ಎಂಬ ಆಸೆ ಇತ್ತು, ಅದು ಈಡೇರಲಿಲ್ಲ. ಉಳಿದ ಎಂಟರಲ್ಲಿ ಏಳು ಒಂದೇ ಕಡೆ, ನಾಲೆಯ ಬಲದಂಡೆಯ ಒಂದು ತಿರುವಿನಲ್ಲಿ. ಅಲ್ಲೆಲ್ಲ ಲೈಡಾರ್ ಹೇಳಿದ ನೆಲ ಅಬ್ಬಾ ಅಳೆದ ನೆಲಕ್ಕಿಂತ ಅರವತ್ತು, ಎಪ್ಪತ್ತು ಸೆಂಟಿಮೀಟರ್ ಮೇಲೆ. ಇಂಜಿನಿಯರ್ ಮೊದಲು, “ಭಾಯ್, ಕೋಲು ಹಳ್ಳದಲ್ಲಿ ಇಟ್ಟಿದ್ರಾ?” ಎಂದರು. ಅಬ್ಬಾ ಮಾತಾಡದೆ ಲ್ಯಾಪ್‌ಟಾಪಿನ ಹತ್ತಿರ ಬಗ್ಗಿ ನೋಡಿದರು. ಅವರು ಲೈಡಾರ್ ಚಿತ್ರ ನೋಡುತ್ತಿದ್ದದ್ದು ಅದೇ ಮೊದಲು. ಒಂದು ಉಬ್ಬಿನ ಮೇಲೆ ಬೆರಳಿಟ್ಟು, “ಇದು ಜಮೀನಲ್ಲ ಸಾಬ್, ಲಂಟಾನ” ಎಂದರು.

ಹೌದು. ಆ ದಂಡೆಯಲ್ಲಿ ಲಂಟಾನ ಪೊದೆ ಚಾಪೆ ಹಾಸಿದ ಹಾಗೆ ಹೆಣೆದುಕೊಂಡಿದೆ. ಬೆಳಕು ನುಸುಳಲು ಸಂದೇ ಇಲ್ಲ. ಕೊನೆಯ ಉತ್ತರ ನೆಲದಿಂದ ಬಂದದ್ದಲ್ಲ, ಪೊದೆಯ ಒಳಗಿನಿಂದ. ಯಂತ್ರ ಅದನ್ನೇ ನೆಲ ಎಂದುಕೊಂಡಿತು. ಅಬ್ಬಾ ಮಾತ್ರ ಅದರೊಳಗೆ ತೋಳು ಗೀರಿಸಿಕೊಂಡು ಕೋಲು ಇಳಿಸಿದ್ದರು. ಗೀರು ಆಗಲೂ ಹಸಿಯಾಗಿತ್ತು. ಇಂಜಿನಿಯರ್ ಎದ್ದು ಅಲ್ಲಿಗೇ ನಡೆದುಹೋಗಿ, ಪೊದೆಯಲ್ಲಿ ಒಂದು ಕಡ್ಡಿ ಇಳಿಸಿ ನೋಡಿ ಬಂದರು. ಆ ಭಾಗವನ್ನು ಮತ್ತೆ ಟೋಟಲ್ ಸ್ಟೇಷನ್ನಿನಲ್ಲೇ ಮಾಡಬೇಕು ಎಂದು ಬರೆದುಕೊಂಡರು. ಇನ್ನೂ ನಾಲ್ಕು ದಿನದ ಕೆಲಸ ಹುಟ್ಟಿತು.

ಎಂಟನೆಯ ಪಾಯಿಂಟಿನ ವಿಷಯ ಅಬ್ಬಾಗೆ ಬರೆಯುವುದು ಇಷ್ಟವಿಲ್ಲ, ಆದರೆ ಬರೆಯದಿದ್ದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಅಲ್ಲಿ ವ್ಯತ್ಯಾಸ ಸರಿಯಾಗಿ ಹತ್ತು ಸೆಂಟಿಮೀಟರ್. ಬಯಲು ಜಾಗ, ಪೊದೆ ಇಲ್ಲ. ಬಹಳ ಹೊತ್ತು ಯೋಚಿಸಿದ ಮೇಲೆ ಅಬ್ಬಾಗೇ ನೆನಪಾಯಿತು. ಹುಲ್ಲು ಅಡ್ಡ ಬರುತ್ತದೆಂದು ಕೋಲನ್ನು ಒಂದೂವರೆ ಮೀಟರಿನಿಂದ 1.60ಕ್ಕೆ ಏರಿಸಿದ್ದರು, ಸರ್ವೇಯರ್‌ಗೆ ಕೂಗಿ ಹೇಳಲು ಮರೆತಿದ್ದರು. ಯಂತ್ರದಲ್ಲಿ 1.50 ಎಂದೇ ಇತ್ತು. ಅಲ್ಲಿ ಲೈಡಾರ್ ಸರಿ, ನಮ್ಮದು ತಪ್ಪು. ಅಬ್ಬಾ ತಾವೇ ಹೋಗಿ ಹೇಳಿದರು. ಯಾರೂ ಬೈಯಲಿಲ್ಲ.

ಮೂರು ದಿನ, ಮತ್ತೆ ನಾಲ್ಕು ದಿನ. ಒಟ್ಟು ಏಳು. ಅರವತ್ತರ ಬದಲು ಏಳು. ನನ್ನ ಕಾಸ್ಟ್ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಇದನ್ನು ಬರೆದಿಟ್ಟಿದ್ದೇನೆ. ಲೈಡಾರ್ ಬೇಡ ಎಂದು ಹೇಳುವವನು ನಾನಲ್ಲ. ಬೇಗ ಅಳೆದರೆ ನಾಲೆ ಬೇಗ ದುರಸ್ತಿಯಾಗುತ್ತದೆ, ಕೊನೆಯ ಗದ್ದೆಗೂ ನೀರು ಹೋಗುತ್ತದೆ, ಅದು ಒಳ್ಳೆಯದೇ. ಆದರೆ ಉಳಿತಾಯ ಎಂದು ಬರೆದ ಪ್ರತಿ ಮೊತ್ತಕ್ಕೂ ಇನ್ನೊಂದು ಬದಿಯಲ್ಲಿ ಒಂದು ನಮೂದು ಇರಲೇಬೇಕು ಎಂದು ನಮಗೆ ಮೊದಲ ವಾರವೇ ಕಲಿಸುತ್ತಾರೆ. ಆ ಐವತ್ತಮೂರು ದಿನಗಳ ನಮೂದು ಯಾವ ಪುಸ್ತಕದಲ್ಲಿ ಆಗಿದೆ? ನಾನು ಕೇಳಿದವರಲ್ಲಿ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆಗಿದೆ.

ಡ್ರೋನ್ ಹಾರಿಸುವ ಮೊದಲೂ ನೆಲದ ಮೇಲೆ ಕೆಲವು ಜಾಗಗಳನ್ನು ಉಪಗ್ರಹದ ರೋವರ್ ಹಿಡಿದು ನಿಖರವಾಗಿ ಗುರುತಿಸಬೇಕಾಗುತ್ತದೆ. ಅದೂ ಒಂದು ಕೋಲೇ, ತುದಿಯಲ್ಲಿ ಗಾಜಿನ ಬದಲು ಬಿಳಿ ಡಬ್ಬ. ಆದರೆ ಕೂಗಿ ಹೇಳಲು ಆ ಕಡೆ ಸರ್ವೇಯರ್ ಇರುವುದಿಲ್ಲ, ಕೋಲು ಹಿಡಿದವನೇ ಪರದೆ ನೋಡಿ ಗುಂಡಿ ಒತ್ತಬೇಕು. ಪರದೆಯ ಮೇಲಿರುವುದೆಲ್ಲ ಇಂಗ್ಲಿಷ್. ಅಬ್ಬಾಗೆ ಉರ್ದು ಓದಲು ಬರುತ್ತದೆ, ಕನ್ನಡ ಬಸ್ಸಿನ ಬೋರ್ಡಿನಷ್ಟು. “ಕಲಿತರೆ ಎರಡೂ ಕೆಲಸಕ್ಕೆ ಕರೀತೀನಿ” ಎಂದು ಸರ್ವೇಯರ್ ಹೇಳಿದ್ದಾರೆ. ಮರುದಿನದ ಸೈಟ್ ನಮ್ಮ ಬಡಾವಣೆಯ ಕಡೆಗೇ ಇದ್ದದ್ದರಿಂದ ಒಂದು ಸಂಜೆ ರೋವರನ್ನು ಮನೆಗೆ ಒಯ್ಯಲು ಬಿಟ್ಟರು.

ಮಗ್ರಿಬ್ ನಮಾಜ್ ಮುಗಿಸಿ ಇಬ್ಬರೂ ತಾರಸಿಗೆ ಹೋದೆವು. ಇಂಟರ್ನೆಟ್ಟಿಗೆ ನನ್ನ ಮೊಬೈಲಿನ ಹಾಟ್‌ಸ್ಪಾಟ್. ಪರದೆಯ ಮೇಲಿನ ಒಂದೊಂದು ಪದವನ್ನೂ ನಾನು ಉರ್ದು ಅಕ್ಷರದಲ್ಲಿ ಚೀಟಿಯ ಮೇಲೆ ಬರೆದುಕೊಟ್ಟಿದ್ದೆ. ಮೊದಲು ‘ಫ್ಲೋಟ್’ ಎಂದು ಬಂತು. ಆಗ ಅಳೆಯಬಾರದು, ಜಾಗ ಇನ್ನೂ ಖಚಿತವಾಗಿಲ್ಲ ಎಂದರ್ಥ. ಪಕ್ಕದ ಮನೆಯ ನೀರಿನ ಟ್ಯಾಂಕ್ ಆಕಾಶಕ್ಕೆ ಅಡ್ಡ ಇತ್ತು. ಅಬ್ಬಾ ಎರಡು ಹೆಜ್ಜೆ ಈ ಕಡೆ ಬಂದು, ಗುಳ್ಳೆ ನೋಡಿ, ನಿಂತರು. ನಾನು ಏನೋ ಹೇಳಲು ಬಾಯಿ ತೆರೆದೆ. “ನಕ್ಕೋ, ನಾನೇ ನೋಡ್ತೀನಿ” ಎಂದರು. ಚೀಟಿ ನೋಡಿದರು, ಪರದೆ ನೋಡಿದರು. ಸ್ವಲ್ಪ ಹೊತ್ತಿನ ಮೇಲೆ ‘ಫಿಕ್ಸ್’ ಬಂತು. ಗುಂಡಿ ಒತ್ತಿದರು. ಕೋಲಿನ ಎತ್ತರ ಎಷ್ಟು ಎಂದು ಪರದೆ ಕೇಳಿತು. ಅಬ್ಬಾ ಬಗ್ಗಿ ಕೋಲಿನ ಮೇಲಿನ ಅಂಕಿಯನ್ನು ಎರಡು ಸಲ ನೋಡಿ, ಜೋರಾಗಿ, ಕೆಳಗೆ ಅಮ್ಮಿಗೂ ಕೇಳುವ ಹಾಗೆ ಕೂಗಿದರು: “ಒಂದು ಪಾಯಿಂಟ್ ಎಂಟು ಸೊನ್ನೆ!”